ಬ್ಯಾನಿ ನಿಂತಿತು ಅಂದ್ರ ಖರ್ಚು ಉಳೀತು ಅಂತಲ್ಲ

ಇವತ್ತಿನ ಸಂಚಿಕೆ ಹಲ್ಲಿನ ಬಗ್ಗೆ. ಬಿ.ಕಾಂ. ಓದಿದವನಿಗೆ ಹಲ್ಲಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾನು ಡಾಕ್ಟರ್ ಅಲ್ಲ, ಯಾವ ಗುಳಿಗೆ ತಗೋಬೇಕು ಅಂತ ಹೇಳುವವನೂ ಅಲ್ಲ. ಆದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಒಂದು ಹಲ್ಲು ಉಳಿಯುತ್ತದೋ ಇಲ್ಲವೋ ಅನ್ನೋದನ್ನ ಬ್ರಷ್ ಎಷ್ಟು ನಿರ್ಧಾರ ಮಾಡುತ್ತದೋ, ಮನೆಯ ಜಮಾ-ಖರ್ಚೂ ಅಷ್ಟೇ ನಿರ್ಧಾರ ಮಾಡುತ್ತದೆ. ಜಮಾ-ಖರ್ಚು ನನ್ನ ವಿಷಯ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ತಿಕೋಟಾ ಕಡೆ ಬಹಳಷ್ಟು ಮನೆಗಳಿಗೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ, ಹಂಗಾಮಿಗೊಮ್ಮೆ ಬರುತ್ತದೆ. ದ್ರಾಕ್ಷಿ ತೋಟಕ್ಕೆ ಏಪ್ರಿಲ್‌ನಲ್ಲೊಂದು ಚಾಟ್ನಿ, ಅಕ್ಟೋಬರ್‌ನಲ್ಲೊಂದು ಚಾಟ್ನಿ. ಫೆಬ್ರುವರಿ-ಮಾರ್ಚ್‌ನಲ್ಲಿ ಕಟಾವು, ಆಮೇಲೆ ಒಣದ್ರಾಕ್ಷಿ ಶೆಡ್‌ನ ಕೆಲಸ. ಬಬಲೇಶ್ವರ ಕಡೆ ಕಬ್ಬು. ಇದ್ಯಾವುದೂ ಸಿಗದ ದಿನಗಳಲ್ಲಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗಂಟು ಕಟ್ಟುವವರೂ ಇದ್ದಾರೆ. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. 2025-26ಕ್ಕೆ ಉದ್ಯೋಗ ಖಾತ್ರಿಯಡಿ ನಮ್ಮ ರಾಜ್ಯಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಅಂದಾಜಿಗೆ ಆ ಅಂಕಿ ತಲೆಯಲ್ಲಿಟ್ಟುಕೊಳ್ರಿ.

ಈಗ ಆ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡೋಣ. ಕಿರಾಣಿ ಅಂಗಡಿ, ಸಿಲಿಂಡರ್, ಮಕ್ಕಳ ಫೀಸು, ಸಂಘದ ವಾರದ ಕಂತು, ಸಂಬಂಧಿಕರ ಮದುವೆಯ ಆಹೇರಿ. ಇವೆಲ್ಲಕ್ಕೂ ಕೇಳುವವರು ಇದ್ದಾರೆ. ಕಂತು ತಪ್ಪಿದರೆ ಮನೆ ಬಾಗಿಲಿಗೆ ಬಂದು ಕೂರುತ್ತಾರೆ. ಫೀಸು ತಪ್ಪಿದರೆ ಶಾಲೆಯಿಂದ ಫೋನ್ ಬರುತ್ತದೆ. ಹಲ್ಲಿನ ಪರವಾಗಿ ಕೇಳುವವರು ಯಾರೂ ಇಲ್ಲ. ಅದು ಬ್ಯಾನಿ ಕೊಡುತ್ತದೆ ಅಷ್ಟೇ. ಆ ಬ್ಯಾನಿಗೆ ಮೆಡಿಕಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಉತ್ತರ ಸಿಗುತ್ತದೆ. ಅದೂ ಬೇಡ ಅಂದರೆ ಲವಂಗ, ಇಲ್ಲಾ ದವಡೆಗೆ ಒಂದು ಚಿಟಿಕೆ ತಂಬಾಕು. ಹೀಗಾಗಿ ಖರ್ಚಿನ ಪಟ್ಟಿಯಲ್ಲಿ ಹಲ್ಲು ಯಾವಾಗಲೂ ಕೊನೆಯ ಸಾಲು.

ಇದನ್ನ ಜನ ಅಜ್ಞಾನ ಅಂತಾರೆ. ನಾನು ಒಪ್ಪುವುದಿಲ್ಲ. ಕೈಯಲ್ಲಿ ಎರಡು ಸಾವಿರ ಇದ್ದಾಗ ಮಗಳ ಫೀಸು ಮೊದಲಾ ಹಲ್ಲು ಮೊದಲಾ ಅಂದರೆ, ಫೀಸು ಅಂತಲೇ ಯಾವ ಅವ್ವ-ಅಪ್ಪ ಆದರೂ ಹೇಳ್ತಾರೆ. ಲೆಕ್ಕ ಸರಿಯಾಗೇ ಇದೆ. ತಪ್ಪು ಇರುವುದು ಬೇರೆ ಕಡೆ: ಹಲ್ಲಿನ ಸಾಲಕ್ಕೆ ಬಡ್ಡಿ ಹೇಗೆ ಬೆಳೆಯುತ್ತದೆ ಅನ್ನೋದನ್ನ ಯಾರೂ ಆ ಮನೆಗೆ ಹೇಳಿರುವುದಿಲ್ಲ.

ಬಡ್ಡಿ ಬೆಳೆಯುವ ರೀತಿ ಹೀಗೆ. ಹಲ್ಲಿನ ಮೇಲ್ಪದರಕ್ಕೆ ನರ ಇಲ್ಲ. ಅಲ್ಲಿ ಹುಳುಕು ಶುರುವಾದಾಗ ಗೊತ್ತೇ ಆಗುವುದಿಲ್ಲ. ಸಣ್ಣ ತೂತು ಕಂಡಾಗಲೇ ಹೋದರೆ ಸಿಮೆಂಟ್ ತುಂಬಿಸಿ ಕಳಿಸ್ತಾರೆ, ಕೆಲವು ನೂರು ರೂಪಾಯಿಯ ಕೆಲಸ. ಎರಡನೇ ಹಂತದಲ್ಲಿ ಹುಳುಕು ಒಳಗಿನ ನರಕ್ಕೆ ಮುಟ್ಟುತ್ತದೆ. ಬಿಸಿ ಚಹಾ ಕುಡಿದರೆ ಜುಮ್ ಅನ್ನುತ್ತದೆ, ರಾತ್ರಿ ಮಲಗಿದರೆ ಕಿವಿವರೆಗೂ ಬ್ಯಾನಿ ಎಳೆಯುತ್ತದೆ. ಈಗ ಬೇಕಾಗುವುದು ರೂಟ್ ಕೆನಾಲ್, ಸಾವಿರಗಳ ಲೆಕ್ಕ. ಮೂರನೇ ಹಂತ ಬಹಳ ಮೋಸದ್ದು. ನರ ಸತ್ತುಹೋಗುತ್ತದೆ. ಸತ್ತ ನರಕ್ಕೆ ಬ್ಯಾನಿ ಇಲ್ಲ. ಮನೆಯವರೆಲ್ಲ ಖುಷಿಯಾಗ್ತಾರೆ: "ಬ್ಯಾನಿ ತಾನಾ ನಿಂತ್ತಿ ನೋಡು, ಆರು ಸಾವಿರ ಉಳೀತು." ಆದರೆ ಸತ್ತ ನರದೊಳಗೆ ಸೂಕ್ಷ್ಮಾಣುಗಳು ಬೇರಿನ ತುದಿಗೆ ಇಳಿಯುತ್ತಿರುತ್ತವೆ, ಅಲ್ಲಿ ಕೀವು ಕಟ್ಟುತ್ತದೆ. ವಸಡಿನ ಮೇಲೆ ಒಂದು ಸಣ್ಣ ಗುಳ್ಳೆ ಬಂದು ಒಡೆದು ಹೋಗಬಹುದು, ಬಾಯಿಗೆ ಉಪ್ಪು-ಉಪ್ಪು ರುಚಿ ಬರಬಹುದು. ನಾಲ್ಕನೇ ಹಂತದಲ್ಲಿ ಕೀವು ಎಲುಬು ದಾಟಿ ಹೊರಬೀಳುತ್ತದೆ. ಎತ್ತ ದಾರಿ ಸಿಗುತ್ತದೋ ಅತ್ತ ಹೋಗುತ್ತದೆ.

ಇವತ್ತು ನನಗೆ ಹೇಳಬೇಕಾಗಿರುವುದು ಇದೇ ಮಾತು. ಹಾಳಾದ ಹಲ್ಲಿನ ಬ್ಯಾನಿ ಚಿಕಿತ್ಸೆ ಇಲ್ಲದೆ ನಿಂತರೆ ಅದು ವಾಸಿಯಾದ ಗುರುತಲ್ಲ. ಸಾಲಗಾರ ಬಾಗಿಲು ಬಡಿಯುವುದು ನಿಲ್ಲಿಸಿ ಕೋರ್ಟಿಗೆ ಹೋದ ಹಾಗೆ.

ನಮ್ಮ ಮನೆತನದಲ್ಲೇ ಇದು ಆಗಿದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳ್ತಾ ಇದ್ದೇನೆ. ನನ್ನ ಕಾಕಾ ತಿಕೋಟಾ ಹತ್ತಿರದ ಒಂದು ಹಳ್ಳಿಯಲ್ಲಿ ಇರ್ತಾರೆ, ದ್ರಾಕ್ಷಿ ತೋಟಗಳಲ್ಲಿ ಕೂಲಿ. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಗಿತ್ತು. ನವೆಂಬರ್‌ನಲ್ಲಿ ಕೆಳದವಡೆಯ ಹಿಂದಿನ ಹಲ್ಲು ಬ್ಯಾನಿ ಶುರುವಾಯಿತು. ಸಿಟಿಯ ಒಂದು ಕ್ಲಿನಿಕ್‌ನಲ್ಲಿ ತೋರಿಸಿದರು. ರೂಟ್ ಕೆನಾಲ್, ಮೇಲೆ ಕ್ಯಾಪ್, ಎಲ್ಲಾ ಸೇರಿ 6,500 ರೂಪಾಯಿ ಅಂದರು. ನಾಲ್ಕು ಸಲ ಬರಬೇಕು, ಅಂದರೆ ನಾಲ್ಕು ದಿನದ ಕೂಲಿಯೂ ಹೋಯಿತು. ಅದೇ ವಾರ ಮಗಳ ಪಿಯು ಕಾಲೇಜಿನ ಫೀಸು ಕಟ್ಟಬೇಕಿತ್ತು. ಕಾಕಾ ನೋವಿನ ಗುಳಿಗೆಯ ಒಂದು ಪಟ್ಟಿ ತಗೊಂಡು ಮನೆಗೆ ಬಂದರು. ಜನವರಿಗೆ ಬ್ಯಾನಿ ನಿಂತಿತು. ಫೆಬ್ರುವರಿಯಲ್ಲಿ ಕಟಾವು ಜೋರಾಯಿತು.

ಮಾರ್ಚ್‌ನ ಒಂದು ಸಂಜೆ ಗದ್ದದ ಕೆಳಗೆ ಬಾವು ಬಂತು. ರಾತ್ರಿ ರೊಟ್ಟಿ ನುಂಗಲು ಆಗಲಿಲ್ಲ, ಜ್ವರ ಬಂತು. ಬೆಳಿಗ್ಗೆ ಹೊತ್ತಿಗೆ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಮಾತು ಬಾಯಲ್ಲಿ ಬಿಸಿ ಬಟಾಟಿ ಇಟ್ಟುಕೊಂಡವರ ಹಾಗೆ. ಸಿಟಿಗೆ ತಂದಾಗ ರಕ್ತದ ಸಕ್ಕರೆ 400 ದಾಟಿತ್ತು. ಕುತ್ತಿಗೆ ಕೊಯ್ದು ಕೀವು ತೆಗೆದರು, ನಾಲ್ಕು ದಿನ ಐಸಿಯು. ಆ ಹಲ್ಲನ್ನೂ ಅಲ್ಲೇ ಕಿತ್ತರು. ಬಿಲ್ 1,38,000. ಅವಸರದಲ್ಲಿ ಹೋದ ಆಸ್ಪತ್ರೆ ಸರ್ಕಾರಿ ಯೋಜನೆಯ ಪಟ್ಟಿಯಲ್ಲಿ ಇರಲಿಲ್ಲ, ಬಿಪಿಎಲ್ ಕಾರ್ಡ್ ಕಿಸೆಯಲ್ಲೇ ಉಳಿಯಿತು. ಕಾಕುವಿನ ಬೋರಮಾಳ ಒತ್ತೆಗೆ ಹೋಯಿತು. ಕಾಕಾ ಬದುಕಿದರು. ಆ ವರ್ಷ ಶೆಡ್ ಕೆಲಸ ಪೂರ್ತಿ ತಪ್ಪಿತು.

ಲೆಕ್ಕ ಹಾಕ್ರಿ. 6,500 ಅಂದರೆ ದಿನಕ್ಕೆ 370ರ ಲೆಕ್ಕದಲ್ಲಿ ಹದಿನೆಂಟು ದಿನದ ದುಡಿಮೆ. 1,38,000 ಅಂದರೆ 370 ದಿನಕ್ಕೂ ಹೆಚ್ಚು. ಒಂದು ವರ್ಷಕ್ಕಿಂತ ಜಾಸ್ತಿ ಒಂದು ದಿನವೂ ಬಿಡದೆ ದುಡಿಯಬೇಕು, ಅದರಲ್ಲಿ ಊಟ ಮಾಡಬಾರದು. ನಾಲ್ಕು ತಿಂಗಳಲ್ಲಿ ಇಪ್ಪತ್ತು ಪಟ್ಟು ಏರಿದ ಇಂಥ ಸಾಲವನ್ನ ನಾನು ಯಾವ ಸಾಹುಕಾರನ ಹತ್ತಿರವೂ ನೋಡಿಲ್ಲ.

ಕಾಕಾನಿಗೆ ಆದದ್ದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು. 1836ರಲ್ಲಿ ಜರ್ಮನಿಯ ಲುಡ್ವಿಗ್ ಅನ್ನುವ ವೈದ್ಯರು ಇದನ್ನ ವಿವರಿಸಿದರು. ಹೆಚ್ಚಾಗಿ ಇದು ಶುರುವಾಗುವುದು ಕೆಳದವಡೆಯ ಹಿಂದಿನ ಎರಡು ಹಲ್ಲುಗಳಿಂದ. ಅವುಗಳ ಬೇರಿನ ತುದಿ ಕೆಳಗೆ ಇಳಿದಿರುತ್ತದೆ, ಹೊರಬಿದ್ದ ಕೀವು ನೇರವಾಗಿ ಗದ್ದದ ಕೆಳಗಿನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಬಾವು ಎರಡೂ ಕಡೆ ಹರಡಿದರೆ ನಾಲಿಗೆಯನ್ನ ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ಆಂಟಿಬಯೋಟಿಕ್ ಬರುವ ಮೊದಲು ಇದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು. ಈಗ ಹಾಗಿಲ್ಲ, ಆದರೆ ಅದು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದವರ ಮಾತು.

ಮೇಲ್ದವಡೆಯ ಹಲ್ಲಿನ ಕೀವು ಕೆನ್ನೆಗೆ, ಕಣ್ಣಿನ ಸುತ್ತ, ಅಪರೂಪಕ್ಕೆ ಮಿದುಳಿನವರೆಗೂ ಹೋಗಬಹುದು. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ಹೀಗೇ ತೀರಿಕೊಂಡ. ಬಡ ಕುಟುಂಬ, ನಿಂತ ಮನೆ ಇರಲಿಲ್ಲ, ಸರ್ಕಾರಿ ವಿಮೆ ನಿಂತುಹೋಗಿತ್ತು. ಹಲ್ಲು ಕೀಳಿಸಲು ಬೇಕಿದ್ದದ್ದು ಸುಮಾರು 80 ಡಾಲರ್. ಸೋಂಕು ಮಿದುಳಿಗೆ ಹೋಗಿ ಎರಡು ಶಸ್ತ್ರಚಿಕಿತ್ಸೆ ಆದವು, ಖರ್ಚು ಸುಮಾರು ಎರಡೂವರೆ ಲಕ್ಷ ಡಾಲರ್. ಹುಡುಗ ಉಳಿಯಲಿಲ್ಲ. ಅಲ್ಲಿ ಅದು ದೊಡ್ಡ ಸುದ್ದಿಯಾಯಿತು, 2009ರಲ್ಲಿ ಮಕ್ಕಳ ಸರ್ಕಾರಿ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಕಡ್ಡಾಯವಾಯಿತು. ಶ್ರೀಮಂತ ದೇಶದಲ್ಲೂ ಲೆಕ್ಕ ಇದೇ ಅನ್ನೋದಕ್ಕೆ ಇದನ್ನ ಹೇಳಿದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಮಾತು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕು ಬೇಗ ಹರಡುತ್ತದೆ. ಬಾಯಲ್ಲಿ ಸೋಂಕು ಇದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಒಂದು ಇನ್ನೊಂದನ್ನ ಸಾಕುತ್ತದೆ. 2021ರಲ್ಲಿ ಕೊರೊನಾ ಜೊತೆ ಕಪ್ಪು ಶಿಲೀಂಧ್ರ ಬಂದಾಗ ಮೇಲ್ದವಡೆಯ ಹಲ್ಲು ಅಲುಗಾಡುವುದೂ ಅದರ ಒಂದು ಲಕ್ಷಣವಾಗಿತ್ತು, ಹೆಚ್ಚು ಪೆಟ್ಟು ತಿಂದವರು ಸಕ್ಕರೆ ಕಾಯಿಲೆಯವರೇ. ಹಾಗೇ ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಟ್ಟವರು, ಕವಾಟ ಬದಲಿಸಿಕೊಂಡವರು ಇರ್ತಾರೆ. ಬಾಯಿಯ ಸೂಕ್ಷ್ಮಾಣು ರಕ್ತಕ್ಕೆ ಸೇರಿ ಆ ಕವಾಟದ ಮೇಲೆ ಕೂತರೆ ಪ್ರಾಣಕ್ಕೇ ಕುತ್ತು. ಇವರೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕೂತ ಕೂಡಲೇ ತಮ್ಮ ಕಾಯಿಲೆ ಹೇಳಲೇಬೇಕು.

ಇನ್ನು ಗುಳಿಗೆ ವಿಚಾರ. ಮೆಡಿಕಲ್ ಅಂಗಡಿಯಲ್ಲಿ ಆಂಟಿಬಯೋಟಿಕ್ ಎರಡು ದಿನಕ್ಕೆ ತಗೊಂಡು, ಬಾವು ಇಳಿದ ಕೂಡಲೇ ಉಳಿದದ್ದನ್ನ ಡಬ್ಬಿಗೆ ಹಾಕಿಡುವುದು ನಮ್ಮಲ್ಲಿ ಮಾಮೂಲು. ಔಷಧ ರಕ್ತದ ಜೊತೆ ಹರಿಯುತ್ತದೆ. ಸತ್ತ ನರದೊಳಗೆ ರಕ್ತವೇ ಹೋಗುವುದಿಲ್ಲ. ಅಂದಮೇಲೆ ಔಷಧ ಅಲ್ಲಿಗೆ ಹೇಗೆ ಮುಟ್ಟಬೇಕು? ಸುತ್ತಲಿನ ಬಾವು ಇಳಿಯಬಹುದು, ಮೂಲ ಹಾಗೇ ಇರುತ್ತದೆ. ಅಮೆರಿಕದ ದಂತ ವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದೇ ಇದೆ: ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಹೆಚ್ಚಿನ ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಕಿಲ್ಲ, ಹಲ್ಲಿಗೇ ಚಿಕಿತ್ಸೆ ಆಗಬೇಕು. ಜ್ವರ ಬಂದು ಸೋಂಕು ಹರಡಿದಾಗ ಔಷಧ ಬೇಕು, ಅದನ್ನ ಡಾಕ್ಟರು ಹೇಳಬೇಕು. ನೋವಿನ ಗುಳಿಗೆ ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಅದೂ ಖರ್ಚೇ, ಬೇರೆ ಖಾತೆಯಲ್ಲಿ ಬರೆದದ್ದು.

ಈಗ ಸರ್ಕಾರದ ಲೆಕ್ಕಕ್ಕೆ ಬರ್ತೀನಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಳ್ಳೆಯ ಯೋಜನೆ, ಎಷ್ಟೋ ಮನೆ ಉಳಿಸಿದೆ. ಆದರೆ ಅದರ ಒಲವು ಆಸ್ಪತ್ರೆಗೆ ದಾಖಲಾಗುವ ದೊಡ್ಡ ಚಿಕಿತ್ಸೆ ಕಡೆ. ಕುತ್ತಿಗೆ ಕೊಯ್ಯುವ ಹೊತ್ತಿಗೆ ಕಾರ್ಡ್ ಕೆಲಸಕ್ಕೆ ಬರಬಹುದು. ಪಕ್ಕದ ಕ್ಲಿನಿಕ್‌ನಲ್ಲಿ ಹುಳುಕು ತುಂಬಿಸಿಕೊಳ್ಳಲು ಬರುವುದಿಲ್ಲ. ಖಾಸಗಿ ಆರೋಗ್ಯ ವಿಮೆಗಳೂ ಸಾಮಾನ್ಯವಾಗಿ ಹೀಗೇ. ರಾಜ್ಯದಲ್ಲಿ ದಂತಭಾಗ್ಯ ಅಂತ ಯೋಜನೆ ಬಂತು, ಹಲ್ಲು ಕಳಕೊಂಡ ಬಿಪಿಎಲ್ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಪುಕ್ಕಟೆ ಹಲ್ಲಿನ ಸೆಟ್. ಅದೂ ಬೇಕು. ಆದರೆ ಹಲ್ಲು ಇದ್ದಾಗ ಸಿಗದ ನೆರವು ಹಲ್ಲು ಹೋದ ಮೇಲೆ ಸಿಗುವುದು ನೋಡಿದರೆ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ನೆನಪಾಗುತ್ತದೆ. ಸಣ್ಣ ಖರ್ಚು ಮನೆಯದು, ದೊಡ್ಡ ಖರ್ಚು ಸರ್ಕಾರದ್ದು ಅಂತಾದರೆ, ಸಣ್ಣದನ್ನ ಕಟ್ಟಲಾಗದ ಮನೆ ದೊಡ್ಡದರ ಕಡೆಗೇ ಹೋಗುತ್ತದೆ. ಇದು ನನ್ನ ದೂರು. ಹುಳುಕು ತುಂಬುವುದು, ಹಲ್ಲು ಕೀಳುವುದು ಪ್ರತಿ ತಾಲ್ಲೂಕಿನಲ್ಲಿ ವಾರದ ಎಲ್ಲಾ ಕೆಲಸದ ದಿನ ಪುಕ್ಕಟೆ ಸಿಗುವ ಹಾಗಾದರೆ ಐಸಿಯು ಬಿಲ್ ಎಷ್ಟೋ ತಪ್ಪುತ್ತದೆ.

ಅದು ಆಗುವವರೆಗೆ ನಾವು ಏನು ಮಾಡಬಹುದು? ನಾನು ಮೂರು ಮಾತು ಹೇಳ್ತೀನಿ.

ಮೊದಲನೇದು. ರೂಟ್ ಕೆನಾಲ್‌ಗೆ ದುಡ್ಡಿಲ್ಲ ಅಂದರೆ ಉಳಿಯುವುದು ಸುಮ್ಮನಿರುವ ದಾರಿ ಒಂದೇ ಅಲ್ಲ. ನಡುವೆ ಇನ್ನೊಂದು ದಾರಿ ಇದೆ, ಹಲ್ಲು ಕೀಳಿಸುವುದು. ಹಲ್ಲು ಉಳಿಸುವುದು ಉತ್ತಮ, ನಿಜ. ಆದರೆ ಉಳಿಸಲು ಆಗದ ಹುಳುಕು ಹಲ್ಲನ್ನ ಬಾಯಲ್ಲಿ ಬಿಡುವುದಕ್ಕಿಂತ ಕೀಳಿಸುವುದು ಎಷ್ಟೋ ಮೇಲು. ಕಾಕಾನಿಗೆ ಅವತ್ತು ಈ ದಾರಿ ಯಾರೂ ಹೇಳಲಿಲ್ಲ. ನೀವೇ ಬಾಯಿ ಬಿಟ್ಟು ಕೇಳ್ರಿ: "ಡಾಕ್ಟ್ರೇ, ನಮ್ಮ ಹತ್ತಿರ ಇಷ್ಟೇ ರೊಕ್ಕ ಐತಿ, ಇದರಾಗ ಏನ್ ಮಾಡಬಹುದು? ಕಡಿಮಿ ಖರ್ಚಿನ ದಾರಿ ಯಾವುದು?" ಇದರಲ್ಲಿ ನಾಚಿಕೆ ಏನಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗ್ತಾವ ಅನ್ನುವ ಮಾತು ನಮ್ಮಲ್ಲಿ ಬಹಳ ಇದೆ. ಅದು ಸುಳ್ಳು. ಕಣ್ಣಿಗೆ ಅಪಾಯ ಇರುವುದು ಕೀವು ಕಟ್ಟಿದ ಹಲ್ಲನ್ನ ಹಾಗೇ ಬಿಟ್ಟಾಗ.

ಎರಡನೇದು, ಎಲ್ಲಿ ಹೋಗಬೇಕು. ತಿಕೋಟಾ, ಬಬಲೇಶ್ವರ ಎರಡೂ ಸಿಟಿಯಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್. ಮೊದಲು ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವೈದ್ಯರು ಯಾವ ದಿನ ಇರ್ತಾರೆ ಅಂತ ಆಶಾ ಕಾರ್ಯಕರ್ತೆ ಅಕ್ಕನವರನ್ನ ಕೇಳ್ರಿ. ಇಲ್ಲದಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಇದೆ. ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಮನೆಯಲ್ಲಿ ಎಲ್ಲರ ಬ್ಯಾನಿ ನೋಡಿ ತಮ್ಮದನ್ನ ಕೊನೆಗಿಡುವ ಅವ್ವಂದಿರೇ, ಆ ಬಸ್ಸು ಹತ್ತಿ. ಮತ್ತೆ ಒಂದು ಕೆಲಸ ಈಗಲೇ ಮಾಡಿಡ್ರಿ: ನಿಮ್ಮ ಕಾರ್ಡ್ ನಡೆಯುವ ಆಸ್ಪತ್ರೆ ಸಿಟಿಯಲ್ಲಿ ಯಾವುವು ಅಂತ ಕೇಳಿ ಫೋನ್‌ನಲ್ಲಿ ಬರೆದಿಟ್ಟುಕೊಳ್ರಿ. ಅವಸರದ ಹೊತ್ತಿನಲ್ಲಿ ಆಟೋದವರು ಕರಕೊಂಡು ಹೋದ ಕಡೆ ಹೋಗಬಾರದು.

ಮೂರನೇದು, ಕಾಯಬಾರದ ಲಕ್ಷಣಗಳು. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ. ಉಗುಳು ನುಂಗಲು ಆಗದಿದ್ದರೆ. ಗದ್ದದ ಕೆಳಗೆ, ಕುತ್ತಿಗೆಗೆ, ಇಲ್ಲಾ ಕಣ್ಣಿನ ಕಡೆ ಬಾವು ಬಂದರೆ. ಹಲ್ಲಿನ ಬಾವಿನ ಜೊತೆ ಚಳಿಜ್ವರ ಇದ್ದರೆ. ದನಿ ಬದಲಾದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಹಲ್ಲಿನ ಕ್ಲಿನಿಕ್‌ಗೂ ಅಲ್ಲ, ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 108ಕ್ಕೆ ಫೋನ್ ಮಾಡಿ.

ಮಕ್ಕಳ ವಿಷಯ ಚುಟುಕಾಗಿ. ಅವ್ವ ತೋಟಕ್ಕೆ ಹೋಗುವಾಗ ಕೂಸಿನ ಕೈಗೆ ಐದು ರೂಪಾಯಿಯ ಬಿಸ್ಕಿಟ್ ಪುಡಿಕೆ ಕೊಟ್ಟು ಹೋಗ್ತಾಳೆ, ಹೊಟ್ಟೆ ತುಂಬುವ ಅಗ್ಗದ ದಾರಿ ಅದು. ದಿನಪೂರ್ತಿ ಸ್ವಲ್ಪ-ಸ್ವಲ್ಪ ತಿಂದ ಸಿಹಿ ಒಂದೇ ಸಲ ತಿಂದ ಸಿಹಿಗಿಂತ ಹಲ್ಲಿಗೆ ಕೆಟ್ಟದ್ದು. ಸಿಹಿ ಕೊಡುವುದಿದ್ದರೆ ಊಟದ ಜೊತೆ ಕೊಡ್ರಿ, ಆಮೇಲೆ ನೀರು ಕುಡಿಸ್ರಿ. ರಾತ್ರಿ ಮಲಗುವ ಮೊದಲು ಫ್ಲೋರೈಡ್ ಇರುವ ಪೇಸ್ಟ್‌ನಿಂದ ಒಮ್ಮೆ ತಿಕ್ಕಿಸ್ರಿ. ಮೂರು ವರ್ಷದ ಒಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗಬಾರದು. ನಮ್ಮ ಜಿಲ್ಲೆಯ ಕೆಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲು ಕಂದು ಬಣ್ಣ ಆಗುತ್ತದೆ. "ನಮ್ಮೂರ ನೀರೇ ಹಂಗ" ಅಂತ ಹುಳುಕನ್ನೂ ಅದಕ್ಕೇ ಸೇರಿಸಬೇಡಿ. ಕಂದು ಕಲೆ ಬೇರೆ, ತೂತು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಯ ಕಾಯಿಲೆ ಇದೆ, ನಾಲ್ವರಲ್ಲಿ ಮೂವರು ನಮ್ಮಂಥ ಮಧ್ಯಮ ಆದಾಯದ ದೇಶಗಳವರು. ಅಷ್ಟು ದೊಡ್ಡ ಲೆಕ್ಕ ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಯ ಲೆಕ್ಕ ಇದೆ. ಈ ವಾರ ಊಟಕ್ಕೆ ಕೂತಾಗ ಮನೆಯಲ್ಲಿ ಒಂದೇ ಪ್ರಶ್ನೆ ಕೇಳ್ರಿ: "ಮೊದಲ ಬ್ಯಾನಿ ಇದ್ದು, ಈಗ ನಿಂತಿರೋ ಹಲ್ಲು ಯಾರಿಗಾದರೂ ಐತೇನು?" ಯಾರಾದರೂ ಹೌದು ಅಂದರೆ, ಮುಂದಿನ ಸುಗ್ಗಿಗೆ ಕಾಯದೆ ಅವರನ್ನ ಬಸ್ಸು ಹತ್ತಿಸ್ರಿ.